‘ನಿಮಗೆ ಮರಿ ಕೊಡುವುದಿಲ್ಲ’ ಎನ್ನುವ ಬ್ರೀಡರ್ ಬೇಕು

ಪುಣೆಯ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ತಿಂಗಳಿಗೊಮ್ಮೆಯಾದರೂ ಇಂಥದ್ದೊಂದು ಸಂದೇಶ ಬಂದು ಬೀಳುತ್ತದೆ. ಮೇಲೆ ಜರ್ಮನ್ ಶೆಫರ್ಡ್ ಮರಿಯ ಫೋಟೊ. ಕೆಳಗೆ, ‘ಹೆವಿ ಬೋನ್, ಡಬಲ್ ಕೋಟ್, ಚಾಂಪಿಯನ್ ಲೈನ್, ವಯಸ್ಸು 35 ದಿನ, ಪೇಪರ್ ಸಹಿತ ಒಂದು ದರ, ಪೇಪರ್ ಇಲ್ಲದೆ ಒಂದು ದರ, ಯಾವ ಊರಿಗಾದರೂ ರಾತ್ರಿ ಬಸ್ಸಿಗೆ ಹಾಕಿ ಕಳಿಸುತ್ತೇವೆ.’ ಹೈದರಾಬಾದಿನ ತಮ್ಮನಿಗೂ ಚೆನ್ನೈನ ಗೆಳೆಯನಿಗೂ ಬರುವ ಸಂದೇಶಗಳಲ್ಲಿ ಭಾಷೆ ಬೇರೆ, ಸರಕು ಇದೇ. ಈಗ ಜರ್ಮನ್ ಶೆಫರ್ಡ್ ಜೊತೆಗೆ ಬಾರ್ಡರ್ ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್, ಬೆಲ್ಜಿಯನ್ ಮ್ಯಾಲಿನ್ವಾ ಕೂಡ ಸೇರಿಕೊಂಡಿವೆ. ಮರಿಯ ತಾಯಿ ಎಲ್ಲಿದೆ, ಹೇಗಿದೆ ಎಂಬ ಒಂದು ಸಾಲೂ ಈ ಜಾಹೀರಾತುಗಳಲ್ಲಿ ಇರುವುದಿಲ್ಲ. ಕೊಳ್ಳುವವನು ಯಾರು ಎಂದು ಕೇಳುವವರಂತೂ ಇಲ್ಲವೇ ಇಲ್ಲ.

ಕಳೆದ ವರ್ಷ ನಮ್ಮ ಮನೆಯಲ್ಲೂ ನಾಯಿಯ ಮಾತು ಶುರುವಾಯಿತು. ಹನ್ನೊಂದು ವರ್ಷದ ಮಗಳಿಗೆ ಬಾರ್ಡರ್ ಕೋಲಿಯೇ ಬೇಕಿತ್ತು. ಮೊಬೈಲಿನಲ್ಲಿ ಅದು ಹಗ್ಗ ಜಿಗಿಯುವುದನ್ನೂ ಆಟಿಕೆಗಳನ್ನು ಹೆಸರು ಹಿಡಿದು ತರುವುದನ್ನೂ ನೋಡಿದ್ದಳು. ಏಳೆಂಟು ಕಡೆ ಫೋನ್ ಮಾಡಿದೆ. ಹೆಚ್ಚಿನವರು ಕೇಳಿದ್ದು ಎರಡೇ ಪ್ರಶ್ನೆ: ಗಂಡೋ ಹೆಣ್ಣೋ, ಅಡ್ವಾನ್ಸ್ ಯಾವಾಗ ಹಾಕ್ತೀರಿ. ಒಬ್ಬರು ಮಾತ್ರ, ಪುಣೆಯ ಹೊರಗೆ ಸಣ್ಣದೊಂದು ತೋಟದಲ್ಲಿ ಹೆಂಡತಿಯೊಡನೆ ನಾಲ್ಕು ನಾಯಿ ಸಾಕಿಕೊಂಡಿರುವ ನಿವೃತ್ತರು, ನಲವತ್ತು ನಿಮಿಷ ನನ್ನನ್ನೇ ಪ್ರಶ್ನೆ ಕೇಳಿ ಕೊನೆಗೆ ‘ಸಾಹೇಬ್ರೇ, ಈಗ ನಿಮಗೆ ಮರಿ ಕೊಡೋದಿಲ್ಲ’ ಎಂದರು. ಸ್ಪೀಕರ್‌ನಲ್ಲಿ ಕೇಳುತ್ತಿದ್ದ ನನ್ನ ಹೆಂಡತಿ, ‘ರೊಕ್ಕಾನೂ ಕೊಟ್ಟು ಪರೀಕ್ಷೆನೂ ಬರೀಬೇಕೇನ್ರಿ?’ ಅಂದಳು. ಕನ್ನಡ ಸಂಘದ ಗೆಳೆಯರಿಗೆ ಇದನ್ನು ಹೇಳಿದಾಗ ಎಲ್ಲರೂ ನಕ್ಕರು, ‘ಎಂಥಾ ಕೊಬ್ಬು ನೋಡು’ ಎಂದರು. ನನಗೆ ಹಾಗೆ ಅನಿಸಲಿಲ್ಲ. ನಾನು ಮಾತಾಡಿದ ಅಷ್ಟೂ ಜನರಲ್ಲಿ ಮರಿ ಕೊಳ್ಳಲು ಯೋಗ್ಯವಾದ ಜಾಗ ಅದೊಂದೇ ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಕುರಿ ನಾಯಿ ಎಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಕುರುಬರ ಹಟ್ಟಿಯ ನಾಯಿ. ಗದಗ ಸೀಮೆಯಲ್ಲಿ ಸುಗ್ಗಿ ಮುಗಿದ ಹೊಲದಲ್ಲಿ ಕುರಿ ನಿಲ್ಲಿಸುವಾಗ ಸುತ್ತ ಮಲಗಿರುತ್ತಿದ್ದ ಆ ನಾಯಿಗಳ ಹತ್ತಿರ ಹೋಗಲು ನಮಗೆ ಧೈರ್ಯ ಇರಲಿಲ್ಲ. ಇಲ್ಲಿ ಮಳೆಗಾಲ ಮುಗಿದ ಮೇಲೆ ಧನಗರರು ಕುರಿ, ಕುದುರೆ, ಹೆಂಡಿರು ಮಕ್ಕಳ ಸಮೇತ ರಸ್ತೆ ಬದಿಯಲ್ಲಿ ಸಾಗುವಾಗಲೂ ಜೊತೆಗೆ ಅಂಥವೇ ನಾಯಿಗಳಿರುತ್ತವೆ. ಅವುಗಳ ಕೆಲಸ ಕಾವಲು. ತೋಳ ಬಂದರೆ ಬೊಗಳಿ ಅಟ್ಟಬೇಕು, ಅಷ್ಟೇ. ಕುರಿಯನ್ನು ತಿರುಗಿಸುವುದು, ಕೂಡಿಸುವುದು ಕುರಿಗಾಹಿಯ ಕೂಗು ಮತ್ತು ಕೋಲಿನ ಕೆಲಸ. ನಮ್ಮ ಮುಧೋಳ ನಾಯಿಯದು ಇನ್ನೊಂದೇ ಕಸುಬು, ಅದು ಕಣ್ಣಿಟ್ಟು ಓಡಿ ಹಿಡಿಯುವ ಬೇಟೆನಾಯಿ. ಬಾರ್ಡರ್ ಕೋಲಿ, ಜರ್ಮನ್ ಶೆಫರ್ಡ್ ಇವೆರಡಕ್ಕೂ ಸೇರುವುದಿಲ್ಲ. ಕುರಿಯನ್ನು ತಾನೇ ನಡೆಸುವುದಕ್ಕೆಂದು, ತಲೆಮಾರುಗಳ ಕಾಲ ಆಯ್ದು ಆಯ್ದು ಬೆಳೆಸಿದ ನಾಯಿಗಳು ಇವು.

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಸೀಮೆಯ ನಾಯಿಯಾದ್ದರಿಂದಲೇ ಅದಕ್ಕೆ ಬಾರ್ಡರ್ ಕೋಲಿ ಎಂದು ಹೆಸರು. ಇವತ್ತಿನ ಬಾರ್ಡರ್ ಕೋಲಿಗಳ ವಂಶಾವಳಿ ಹಿಡಿದು ಹಿಂದೆ ಹೋದರೆ ಸಿಗುವುದು 1893ರಲ್ಲಿ ನಾರ್ಥಂಬರ್ಲೆಂಡಿನಲ್ಲಿ ಆ್ಯಡಂ ಟೆಲ್ಫರ್ ಎಂಬ ರೈತನ ಹತ್ತಿರ ಹುಟ್ಟಿದ ‘ಓಲ್ಡ್ ಹೆಂಪ್’ ಎಂಬ ಗಂಡುನಾಯಿ. ಬೊಗಳದೆ, ಕಚ್ಚದೆ, ನೆಲಕ್ಕೆ ಬಗ್ಗಿ ದಿಟ್ಟಿಸಿ ನೋಡುತ್ತಲೇ ಕುರಿಗಳನ್ನು ನಡೆಸುವುದು ಅದರ ಹೆಚ್ಚುಗಾರಿಕೆ. 1906ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿ ನಾಯಿಯ ಬಣ್ಣಕ್ಕಾಗಲಿ ಕಿವಿಗಾಗಲಿ ಬೆಲೆ ಕೊಡಲಿಲ್ಲ. ಬಯಲಿನ ಪಂದ್ಯದಲ್ಲಿ ಕುರಿ ಹೇಗೆ ನಡೆಸುತ್ತದೆ ಎಂಬುದೇ ಅಳತೆಗೋಲು. 1995ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಇದನ್ನು ಪ್ರದರ್ಶನದ ತಳಿಗಳ ಪಟ್ಟಿಗೆ ಸೇರಿಸಿದಾಗ ಅಲ್ಲಿನ ಕುರಿಗಾಹಿಗಳು ಕಟುವಾಗಿ ವಿರೋಧಿಸಿದರು. ಅಂದ ನೋಡಿ ಆರಿಸಲು ಹೊರಟರೆ ಕಸುಬು ಹೋಗುತ್ತದೆ ಎಂಬುದು ಅವರ ತಕರಾರು.

ಜರ್ಮನ್ ಶೆಫರ್ಡ್ ಕತೆಯೂ ಹೀಗೆಯೇ. ಮ್ಯಾಕ್ಸ್ ಫಾನ್ ಸ್ಟೆಫನಿಟ್ಜ್ ಎಂಬ ಅಶ್ವದಳದ ಮಾಜಿ ಅಧಿಕಾರಿ 1899ರಲ್ಲಿ ಒಂದು ಪ್ರದರ್ಶನದಲ್ಲಿ ಕುರಿ ಕಾಯುವ ನಾಯಿಯೊಂದನ್ನು ಮೆಚ್ಚಿ ಕೊಂಡು, ಹೊರಾಂಡ್ ಎಂದು ಹೆಸರಿಟ್ಟು, ಅದೇ ವರ್ಷ ತಳಿಯ ಸಂಘ ಕಟ್ಟಿದ. ಆ ಸಂಘದ ನಿಯಮದಲ್ಲಿ ಇವತ್ತಿಗೂ ಸೊಂಟದ ಎಕ್ಸ್‌ರೇ ಮತ್ತು ಕೆಲಸದ ಪರೀಕ್ಷೆ ಎರಡಕ್ಕೂ ಜಾಗ ಇದೆ. ಅಲ್ಲಿಂದ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬರುವಷ್ಟರಲ್ಲಿ ಉಳಿದದ್ದು ‘ಹೆವಿ ಬೋನ್’ ಮಾತ್ರ.

ಇಂಥ ನಾಯಿಯನ್ನು ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ತಂದರೆ ಕಸುಬು ಬಾಗಿಲ ಹೊರಗೆ ಉಳಿಯುವುದಿಲ್ಲ. ಕುರಿ ಇಲ್ಲದಿದ್ದರೆ ಅದು ಮಕ್ಕಳನ್ನು ನಡೆಸುತ್ತದೆ. ನಮ್ಮ ಮೂರನೇ ಮಹಡಿಯಲ್ಲಿರುವ ಬಾರ್ಡರ್ ಕೋಲಿ ಮನೆಗೆ ಬಂದ ನೆಂಟರ ಮಕ್ಕಳನ್ನೆಲ್ಲ ಒಂದು ಮೂಲೆಗೆ ಕೂಡಿಸಿ, ತಪ್ಪಿಸಿಕೊಂಡವನ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಸೈಕಲ್, ಸ್ಕೂಟರ್, ಕೊನೆಗೆ ಗೋಡೆಯ ಮೇಲಿನ ಬೆಳಕಿನ ಚುಕ್ಕಿ, ಚಲಿಸುವುದೆಲ್ಲ ಅದಕ್ಕೆ ಕುರಿಯೇ. ಆ ಮನೆಯವರು ಕೆಟ್ಟವರಲ್ಲ, ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಸುತ್ತಾಡಿಸುತ್ತಾರೆ. ಉಳಿದ ಹೊತ್ತು ಆಫೀಸು. ನಾಯಿ ಬಾಲ್ಕನಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿ ಓಡಿ ಟೈಲ್ಸ್ ಮೇಲೆ ಗೀರು ಬಿದ್ದಿವೆ. ಮಾರಿದವರು ಅವರಿಗೆ ಹೇಳಿದ್ದು ‘ಪ್ರಪಂಚದ ಅತಿ ಜಾಣ ನಾಯಿ ಸಾರ್’ ಎಂದು. ಅದು ಸುಳ್ಳೂ ಅಲ್ಲ.

ಆ ತೋಟದ ನಿವೃತ್ತರು ನನ್ನನ್ನು ಕೇಳಿದ್ದೆಲ್ಲ ಇದರ ಸುತ್ತಲಿನದೇ. ಮನೆ ಸ್ವಂತದ್ದೋ ಬಾಡಿಗೆಯೋ? ಮನೆಯೊಡೆಯರು ಬರವಣಿಗೆಯಲ್ಲಿ ಒಪ್ಪಿದ್ದಾರಾ? ನಾಯಿ ಒಂಟಿಯಾಗಿ ಎಷ್ಟು ಗಂಟೆ ಇರುತ್ತದೆ? ಮಗಳು ಕೇಳಿದ್ದು ಸರಿ, ಹತ್ತನೇ ಕ್ಲಾಸಿಗೆ ಬಂದ ಮೇಲೆ ಬೆಳಿಗ್ಗೆ ಐದೂವರೆಗೆ ಎದ್ದು ಓಡಿಸುವವರು ಯಾರು? ದಸರೆಗೆ ಊರಿಗೆ ಹೋದರೆ ನಾಯಿ ಎಲ್ಲಿ? ನಿಮ್ಮದು ವರ್ಗಾವಣೆ ಆಗುವ ಕೆಲಸವಾ? ಕೊನೆಯ ಪ್ರಶ್ನೆಗೆ ನಾನು ‘ಹೌದು’ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೆಣ್ಣು ಕೊಡುವ ಮನೆಯವರು ವರನ ಮನೆ, ನೌಕರಿ, ನಡತೆ ವಿಚಾರಿಸಿದರೆ ನಮಗೆ ಅದು ಕೊಬ್ಬು ಎನಿಸುವುದಿಲ್ಲ. ಹನ್ನೆರಡು ಹದಿಮೂರು ವರ್ಷ ಬಾಳುವ ಜೀವವನ್ನು ಕೊಡುವವರು ವಿಚಾರಿಸಿದರೆ ಯಾಕೆ ಅನಿಸಬೇಕು?

ಪ್ರಶ್ನೆ ಕೇಳುವ ಹಕ್ಕು ನಮಗೂ ಇದೆ. ನಮ್ಮ ಅಪ್ಪ ಎತ್ತು ಕೊಳ್ಳಲು ಜಾನುವಾರು ಸಂತೆಗೆ ಹೋದರೆ ಹಲ್ಲು ನೋಡಿ, ಸುಳಿ ನೋಡಿ, ನೂರು ಹೆಜ್ಜೆ ನಡೆಸಿ ನೋಡಿದ ಮೇಲೆಯೇ ಟವೆಲ್ಲಿನಡಿ ಕೈ ಇಟ್ಟು ಬೆರಳು ಹಿಡಿಯುತ್ತಿದ್ದರು. ‘ಮಾರಾವನ ಮಾತ ಕೇಳಬ್ಯಾಡ, ಎತ್ತಿನ ನಡಿಗಿ ನೋಡು’ ಎಂಬುದು ಅವರ ಮಾತು. ಅಂಥವರ ಮಕ್ಕಳಾದ ನಾವು ಎತ್ತಿನ ಜೋಡಿಯಷ್ಟು ದುಡ್ಡು ಕೊಟ್ಟು, ಫೋಟೊ ನೋಡಿ, ಬಸ್ಸಿನ ಡಿಕ್ಕಿಯಿಂದ ರಟ್ಟಿನ ಡಬ್ಬಿ ಇಳಿಸಿಕೊಳ್ಳುತ್ತೇವೆ.

ಮರಿಯ ನಡಿಗೆ ನೋಡಿದರೆ ಏನೂ ತಿಳಿಯುವುದಿಲ್ಲ. ಎಂಟು ವಾರದ ಮರಿಗಳೆಲ್ಲ ತೊಡರುತ್ತಲೇ ನಡೆಯುತ್ತವೆ. ನೋಡಬೇಕಾದ್ದು ತಂದೆ ತಾಯಿಯ ಸೊಂಟ. ಜರ್ಮನ್ ಶೆಫರ್ಡ್ ತಳಿಯ ದೊಡ್ಡ ಪೀಡೆ ಹಿಪ್ ಡಿಸ್‌ಪ್ಲೇಸಿಯಾ, ಅಂದರೆ ತೊಡೆಮೂಳೆಯ ಗುಂಡು ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರದ ತೊಂದರೆ. ನಮ್ಮ ಪಕ್ಕದ ವಿಂಗಿನವರ ನಾಯಿಗೆ ಹದಿನಾಲ್ಕನೇ ತಿಂಗಳಿಗೆ ಮೆಟ್ಟಿಲು ಹತ್ತಲು ಆಗದಾಯಿತು. ಎಕ್ಸ್‌ರೇ ತೆಗೆದರೆ ಎರಡೂ ಕಡೆ ಕೆಟ್ಟಿದೆ. ಮಾರಿದವನಿಗೆ ಫೋನ್ ಮಾಡಿದರೆ, ‘ನೀವು ಮೆಟ್ಟಿಲು ಹತ್ತಿಸಿದ್ದೀರಿ, ಅದಕ್ಕೇ ಹಾಗಾಗಿದೆ’ ಎಂದನಂತೆ. ಎರಡನೇ ಸಲ ಫೋನ್ ಎತ್ತಲಿಲ್ಲ. ಈಗ ಅವರು ನೋವಿನ ಮಾತ್ರೆ ಕೊಡುತ್ತ, ತೂಕ ಇಳಿಸುತ್ತ, ಆಪರೇಷನ್ನಿಗೆ ದುಡ್ಡು ಕೂಡಿಸುತ್ತಿದ್ದಾರೆ. ಇದು ಹಲವು ಜೀನುಗಳು ಸೇರಿ ತರುವ ಕಾಯಿಲೆ. ತಂದೆ ತಾಯಿಯ ಎಕ್ಸ್‌ರೇ ಚೆನ್ನಾಗಿದ್ದರೂ ಮರಿಗೆ ಬರಬಹುದು, ಆದರೆ ಬರುವ ಸಾಧ್ಯತೆ ಕಡಿಮೆ ಆಗುತ್ತದೆ. ಬೇಗ ಬೆಳೆಸಿ ತೂಕ ಏರಿಸಿದರೆ ಇನ್ನಷ್ಟು ಕೆಡುತ್ತದೆ. ಜಾಹೀರಾತಿನ ‘ಹೆವಿ ಬೋನ್’ ಎಂಬ ಹೊಗಳಿಕೆಯನ್ನು ಈ ಬೆಳಕಿನಲ್ಲಿ ಇನ್ನೊಮ್ಮೆ ಓದಿ.

ಎರಡು ವರ್ಷ ತುಂಬಿದ ಮೇಲೆ ತೆಗೆದ ಎಕ್ಸ್‌ರೇಯೇ ಹೆಚ್ಚು ನಂಬಿಕೆಗೆ ಅರ್ಹ. ಒಂದು ವರ್ಷದ ಹೆಣ್ಣುನಾಯಿಗೆ ಮೊದಲ ಬೆದೆಯಲ್ಲೇ ಮರಿ ಹಾಕಿಸಿದವರ ಬಳಿ ಅದು ಇರುವುದು ಸಾಧ್ಯವೇ ಇಲ್ಲ. ತಾಯಿಯ ವಯಸ್ಸು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

‘ಪೇಪರ್ ಇದೆಯಲ್ಲ’ ಎನ್ನುತ್ತಾರೆ ಗೆಳೆಯರು. ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ಪ್ರಮಾಣಪತ್ರ ಮರಿಯ ವಂಶ ಹೇಳುತ್ತದೆ. ಅದರ ಸೊಂಟ, ಕಣ್ಣು, ಸ್ವಭಾವದ ಬಗ್ಗೆ ಏನೂ ಹೇಳುವುದಿಲ್ಲ, ಹೇಳುತ್ತೇನೆಂದು ಅದೂ ಹೇಳಿಕೊಂಡಿಲ್ಲ. ಜಾತಿ ಪ್ರಮಾಣಪತ್ರವನ್ನು ಆರೋಗ್ಯ ಪ್ರಮಾಣಪತ್ರ ಎಂದು ಓದುವವರು ನಾವು. ಇನ್ನು ‘ಪೇಪರ್ ಸಹಿತ, ಪೇಪರ್ ರಹಿತ’ ಎಂದು ಒಂದೇ ಸೂಲಿನ ಮರಿಗಳಿಗೆ ಎರಡು ದರ ಹೇಳುವವರಿಂದ ದೂರ ಇರಿ. ಎರಡೂ ತಂದೆ ತಾಯಿ ನೋಂದಾಯಿತವಾಗಿದ್ದರೆ ಮರಿಗಳನ್ನೂ ನೋಂದಾಯಿಸಲು ಆಗುವ ಖರ್ಚು ಮರಿಯ ಬೆಲೆಯ ಮುಂದೆ ಏನೂ ಅಲ್ಲ.

ಕೋಲಿ ಜಾತಿಗಳಲ್ಲಿ ಕಣ್ಣಿನದೊಂದು ದೋಷ ವಂಶದಲ್ಲಿ ಹರಿಯುತ್ತದೆ, ಅದಕ್ಕೆ ಡಿಎನ್ಎ ಪರೀಕ್ಷೆ ಇದೆ, ವರದಿ ಕೇಳಿ. ಇನ್ನೊಂದು ಸಂಗತಿ ನಮ್ಮ ದೇಶದಲ್ಲಿ ಇನ್ನೂ ಮುಖ್ಯ. ರಫ್ ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್, ಶೆಲ್ಟಿ ಮುಂತಾದವುಗಳಲ್ಲಿ ಎಂಡಿಆರ್1 ಎಂಬ ಜೀನಿನ ದೋಷ ಸಾಮಾನ್ಯ. ಅದಿರುವ ನಾಯಿಗೆ ಐವರ್ಮೆಕ್ಟಿನ್ ಔಷಧಿ ಹೆಚ್ಚಿನ ಪ್ರಮಾಣದಲ್ಲಿ ಬಿದ್ದರೆ ಮಿದುಳಿಗೆ ಏರಿ ಪ್ರಾಣಕ್ಕೇ ಸಂಚಕಾರ. ನಮ್ಮಲ್ಲಿ ಕಜ್ಜಿಗೆ, ಉಣ್ಣಿಗೆ ಐವರ್ಮೆಕ್ಟಿನ್ ಸಲೀಸಾಗಿ ಬಳಕೆಯಲ್ಲಿದೆ. ಮರಿ ಕೊಡುವಾಗಲೇ ‘ಡಾಕ್ಟರಿಗೆ ಇದನ್ನು ಮೊದಲು ಹೇಳಿ’ ಎಂದು ಹೇಳದ ಬ್ರೀಡರ್‌ಗೆ ತಳಿಯ ಬಗ್ಗೆ ಏನು ಗೊತ್ತಿದೆ ಎಂದಾಯಿತು?

ಬಣ್ಣದ ಹುಚ್ಚಿನ ಬಗ್ಗೆಯೂ ಒಂದು ಮಾತು. ಬೂದು ನೀಲಿ ಮೈಮೇಲೆ ಕಪ್ಪು ಚುಕ್ಕೆ ಚೆಲ್ಲಿದಂತಿರುವ ‘ಮರ್ಲ್’ ಮರಿಗೆ ಈಗ ಎಲ್ಲ ಕಡೆ ಹೆಚ್ಚಿನ ಬೆಲೆ. ಆ ಆಸೆಗೆ ಮರ್ಲ್ ಗಂಡು, ಮರ್ಲ್ ಹೆಣ್ಣು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಆ ಜೀನು ಎರಡೂ ಕಡೆಯಿಂದ ಬರುತ್ತದೆ. ಅಂಥ ಮರಿಗಳು ಹೆಚ್ಚುಕಡಿಮೆ ಬೆಳ್ಳಗಿರುತ್ತವೆ, ಅನೇಕವು ಕಿವುಡು ಅಥವಾ ಕುರುಡು. ‘ರೇರ್ ವೈಟ್’ ಎಂದು ಅವನ್ನೂ ಮಾರುವುದನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ಕಾಗದ ನೋಡಿದ ಮೇಲೂ ತಾಯಿನಾಯಿಯನ್ನು ಕಣ್ಣಾರೆ ನೋಡದೆ ಮರಿ ತರಬಾರದು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬುದು ನಾಯಿಯ ಮಟ್ಟಿಗೆ ಇನ್ನೂ ನಿಜ. ಅಪರಿಚಿತರನ್ನು ಕಂಡು ತಾಯಿ ಮಂಚದಡಿ ಸೇರಿಕೊಂಡರೆ ಅಥವಾ ಸರಪಳಿ ಹರಿಯುವಂತೆ ಎಗರಿದರೆ, ಆ ಅಂಜಿಕೆಯನ್ನು ಮರಿಗಳು ರಕ್ತದಲ್ಲೂ ಕಲಿಕೆಯಲ್ಲೂ ಎರಡು ಪಟ್ಟು ಪಡೆದಿರುತ್ತವೆ. ‘ತಾಯಿ ಬೇರೆ ಫಾರ್ಮಿನಲ್ಲಿದೆ’ ಎಂದರೆ ಚಹಾ ಕೂಡ ಕುಡಿಯದೆ ಎದ್ದು ಬನ್ನಿ.

ಮರಿಯ ವಯಸ್ಸಿನ ಬಗ್ಗೆ ಕಾನೂನೇ ಇದೆ. ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹದಿನೆಂಟು ತಿಂಗಳಿಗೆ ಮೊದಲು ಹೆಣ್ಣುನಾಯಿಗೆ ಮರಿ ಹಾಕಿಸುವಂತಿಲ್ಲ, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು. ನಾನು ನೋಂದಣಿ ಸಂಖ್ಯೆ ಕೇಳಿದ ಕೂಡಲೇ ಇಬ್ಬರು ಫೋನ್ ಇಟ್ಟರು, ಒಬ್ಬ ‘ನೀವು ಪೊಲೀಸಾ?’ ಎಂದ. 35 ದಿನಕ್ಕೆ ಮಾರಿದರೆ ಮೂರು ವಾರದ ಆಹಾರ, ಲಸಿಕೆಯ ಖರ್ಚು ಉಳಿಯುತ್ತದೆ, ಮರಿಯೂ ಆಗ ಗೊಂಬೆಯಂತಿರುತ್ತದೆ. ಆದರೆ ಐದರಿಂದ ಎಂಟನೇ ವಾರದೊಳಗೆ ಅದು ಒಡಹುಟ್ಟಿದವುಗಳ ಜೊತೆ ಕಚ್ಚಾಡಿ, ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಕಲಿಯುತ್ತದೆ. ಹಿಮ್ಮಡಿಗೆ ಬಾಯಿ ಹಾಕುವುದೇ ಹುಟ್ಟುಗುಣವಾದ ತಳಿಗೆ ಈ ಪಾಠ ತಪ್ಪಿದರೆ ಅನುಭವಿಸುವವರು ಮನೆಯ ಮಕ್ಕಳು.

ಆ ತೋಟದಲ್ಲಿ ನನಗೆ ಇಷ್ಟವಾದ ಇನ್ನೊಂದು ಪದ್ಧತಿ, ಮರಿಯನ್ನು ಕೊಳ್ಳುವವರು ಆರಿಸುವಂತಿಲ್ಲ. ‘ನೀವು ಅರ್ಧ ಗಂಟೆ ನೋಡ್ತೀರಿ, ನಾವು ಎಂಟು ವಾರ ನೋಡಿರ್ತೀವಿ’ ಎನ್ನುತ್ತಾರೆ ಅವರ ಹೆಂಡತಿ. ಓಡಿಬಂದು ಮೊದಲು ಮೈಮೇಲೆ ಹತ್ತುವ ಮರಿಯೇ ನಮ್ಮನ್ನು ಆರಿಸಿಕೊಂಡಿತು ಎಂದು ನಾವು ಹಿಗ್ಗುತ್ತೇವೆ. ಬಹಳ ಸಲ ಅದು ಆ ಸೂಲಿನಲ್ಲಿ ಅತಿ ಚುರುಕಿನ, ಹೊಲವೋ ಕ್ರೀಡೆಯೋ ಇರುವವರಿಗೆ ಹೊಂದುವ ಮರಿ. ಮೊದಲ ಸಲ ನಾಯಿ ಸಾಕುವ ಮನೆಗೆ ಬೇಕಾದ್ದು ಸ್ವಲ್ಪ ದೂರ ಕೂತು, ನಮ್ಮನ್ನು ನೋಡಿ, ಆಮೇಲೆ ನಿಧಾನಕ್ಕೆ ಬರುವ ಮರಿ.

‘ಬೀದಿಯಲ್ಲಿ ಇಷ್ಟೊಂದು ಮರಿಗಳಿರುವಾಗ ಕೊಳ್ಳುವುದೇ ಯಾಕೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸುಮ್ಮನೆ ಜೊತೆಗೊಂದು ನಾಯಿ ಬೇಕೆನ್ನುವ ಮನೆಗೆ ನಮ್ಮ ಬಿಸಿಲಿಗೆ ಒಗ್ಗಿದ ಬೀದಿಮರಿಯೇ ಒಳ್ಳೆಯದು ಎಂದು ನಾನೂ ಹೇಳುತ್ತೇನೆ. ಆದರೆ ತಳಿಯ ನಾಯಿ ಕೊಳ್ಳುವವರು ಕೊಳ್ಳುತ್ತಲೇ ಇರುತ್ತಾರೆ, ಅವರ ದುಡ್ಡು ಯಾರ ಕೈಗೆ ಹೋಗುತ್ತದೆ ಎಂಬುದರ ಮೇಲೆ ಮುಂದಿನ ಸೂಲು ಯಾವ ತಾಯಿಯದು ಎಂಬುದು ತೀರ್ಮಾನವಾಗುತ್ತದೆ. ಬಸ್ಸಿಗೆ ಹಾಕಿದ ಮರಿಯನ್ನು ‘ಪಾಪ’ ಎಂದು ಕೊಂಡವರೂ ಅದರ ತಾಯಿಗೆ ಇನ್ನೊಂದು ಸೂಲು ಹೊರಿಸಿರುತ್ತಾರೆ.

ಹೊರರಾಜ್ಯದಲ್ಲಿರುವ ನಮ್ಮಂಥವರಿಗೆ ಈ ವಿಚಾರಣೆ ಇನ್ನೂ ಬಿಗಿಯಾಗಿರಬೇಕು. ಹನ್ನೊಂದು ತಿಂಗಳ ಕರಾರಿನ ಮನೆ, ಮೂರು ವರ್ಷಕ್ಕೊಂದು ಊರು. ನನಗೆ ಗೊತ್ತಿರುವ ಒಂದು ಕನ್ನಡ ಕುಟುಂಬ ಪುಣೆಯಿಂದ ಗುರುಗ್ರಾಮಕ್ಕೆ ಹೋಗುವಾಗ ನಾಲ್ಕು ವರ್ಷದ ಜರ್ಮನ್ ಶೆಫರ್ಡನ್ನು ವಾಚ್‌ಮನ್ ಕೈಗೆ ಕೊಟ್ಟು ಹೋಯಿತು. ಮಾರಿದವರಿಗೆ ಹೇಳಿ ಪ್ರಯೋಜನ ಇರಲಿಲ್ಲ. ಒಳ್ಳೆಯ ಬ್ರೀಡರ್‌ನ ಕರಾರಿನಲ್ಲಿ, ಯಾವ ವಯಸ್ಸಿನಲ್ಲಾದರೂ ಸಾಕಲು ಆಗದಿದ್ದರೆ ನಾಯಿ ತನ್ನ ಬಳಿಗೇ ವಾಪಸು ಬರಬೇಕು ಎಂಬ ಮಾತು ಇರುತ್ತದೆ. ಅವರು ವರ್ಷಕ್ಕೆ ಒಂದೇ ಸೂಲು ತೆಗೆಯುವುದು, ಕೊಡುವ ಮುಂಚೆ ಅಷ್ಟು ವಿಚಾರಿಸುವುದು ಅದಕ್ಕೇ. ತಾವು ಹುಟ್ಟಿಸಿದ ಪ್ರತಿ ನಾಯಿಯೂ ತಿರುಗಿ ಬರಬಹುದು ಎಂದು ಅವರು ಜಾಗ ಇಟ್ಟುಕೊಂಡಿರುತ್ತಾರೆ.

‘ಕೊಡೋದಿಲ್ಲ’ ಎಂದ ಮೇಲೂ ಅವರು ಫೋನ್ ಇಡಲಿಲ್ಲ. ಭಾನುವಾರ ಮಗಳನ್ನು ಕರೆದುಕೊಂಡು ಬನ್ನಿ ಎಂದರು. ಏಳು ತಿಂಗಳಿಂದ ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೇವೆ. ಮಗಳು ನಾಯಿಗಳ ಕೂದಲು ಬಾಚುತ್ತಾಳೆ, ಮೂಗು ಮುಚ್ಚಿಕೊಳ್ಳದೆ ಹೇಲು ಎತ್ತುತ್ತಾಳೆ. ಮರಿಯ ಮಾತು ಇನ್ನೂ ಎತ್ತಿಲ್ಲ. ಕಳೆದ ತಿಂಗಳು ಅವರೇ ಬೇರೊಂದು ಮಾತು ತೆಗೆದರು. ಅವರ ಆರು ವರ್ಷದ ಹೆಣ್ಣು ಬಾರ್ಡರ್ ಕೋಲಿಗೆ ಇನ್ನು ಮರಿ ಹಾಕಿಸುವುದಿಲ್ಲ, ಸಂತಾನಹರಣ ಆಪರೇಷನ್ ಆಗಿದೆ. ಓಟದ ಹುಚ್ಚು ಇಳಿದಿದೆ, ಮಗಳ ಜೊತೆ ಹೊಂದಿಕೊಂಡಿದೆ, ನನಗೂ ಈಗ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಮರಿಗಳ ಗೊಂಬೆಮುಖ ಅದಕ್ಕಿಲ್ಲ, ಕಿವಿಯ ತುದಿ ಹರಿದಿದೆ. ಮನೆಯೊಡೆಯರ ಒಪ್ಪಿಗೆ ಪತ್ರ ಕೊಟ್ಟಿದ್ದೇವೆ, ಎರಡು ಪುಟದ ಕರಾರು ಓದಿದ್ದೇವೆ. ಪುಣೆ ಬಿಡುವ ಪ್ರಸಂಗ ಬಂದರೆ ಪ್ಯಾಕರ್ಸ್‌ಗಿಂತ ಮೊದಲು ತಮಗೆ ಫೋನ್ ಮಾಡಬೇಕು ಎಂಬ ಷರತ್ತನ್ನು ಅವರು ಕೈಬರಹದಲ್ಲೇ ಸೇರಿಸಿದ್ದಾರೆ. ದೀಪಾವಳಿಯ ಪಟಾಕಿ ಸದ್ದು ಅಡಗಿದ ಮೇಲಿನ ಭಾನುವಾರ ಕರೆದುಕೊಂಡು ಹೋಗಿ ಎಂದಿದ್ದಾರೆ.